ಕುಲ್ಸುಮಮ್ಮ ಹಾಕಿದ ಸಹಿ

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದ ಯಾರೇ ಎದುರಾದರೂ ಅವರ ತೂಕವನ್ನು ಕುಲ್ಸುಮಮ್ಮ ಹೇಳುತ್ತಾರೆ. ಈಗಿನದಲ್ಲ, ಹುಟ್ಟಿದಾಗಿನದು. ನಾನು ಎರಡು ಕೆಜಿ ನೂರು ಗ್ರಾಂ ಇದ್ದೆನಂತೆ, ಅತ್ತಿದ್ದು ಮಾತ್ರ ನಾಲ್ಕು ಕೆಜಿ ಮಗುವಿನಷ್ಟು. ಮುಖ್ಯರಸ್ತೆಯ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದವರು ಅವರು. ಆಟೋ ಹಾರ್ನ್ ಕೇಳಿದರೆ ಸಾಕು, ಓಡಿಹೋಗಿ ದೊಡ್ಡ ಗೇಟು ತೆಗೆಯುತ್ತಿದ್ದರು.

ಆಸ್ಪತ್ರೆ ಮುಚ್ಚಿ ಆರು ವರ್ಷವಾಯಿತು. ಆ ಗೇಟಿಗೆ ಈಗ ತಗಡು ಹೊಡೆದಿದ್ದಾರೆ. ಜಾಗವನ್ನು ಒಬ್ಬ ಬಿಲ್ಡರಿಗೆ ಕೊಡುತ್ತಾರಂತೆ. ಅವನು ಅಂಗಡಿ, ಆಫೀಸು ಕಟ್ಟಿಕೊಂಡು, ಜಾಗದ ಬೆಲೆಗೆ ತಕ್ಕಷ್ಟು ದೊಡ್ಡ ಆಸ್ಪತ್ರೆ ನಮಗೆ ಕಟ್ಟಿಕೊಡಬೇಕು. ಮೊದಲು ಮೂವತ್ತು ಹಾಸಿಗೆ ಎಂದಿದ್ದರು. ನೋಟೀಸಿನಲ್ಲಿ ಬಂದದ್ದು ಆರು. ಬೆಲೆಯನ್ನು ಯಾರು, ಹೇಗೆ ಕಟ್ಟಿದರು ಎಂಬುದು ಅದರಲ್ಲಿರಲಿಲ್ಲ. ಕೇಳಿದರೆ ಕಚೇರಿಯವರಿಗೆ ಕಿವಿಯೇ ಕೇಳಿಸದು. ನನಗೆ ಮೈಯೆಲ್ಲ ಉರಿಯಿತು. ಮಾಹಿತಿ ಹಕ್ಕಿನ ಅರ್ಜಿ ಬರೆದು ಕುಲ್ಸುಮಮ್ಮನ ಕೈಲಿ ಸಹಿ ಹಾಕಿಸಿದೆ.

ಫೈಲು ನೋಡಲು ಕರೆ ಬಂದದ್ದು ಆ ನೋಟೀಸಿಗೆ ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ, ಅದೂ ಮಧ್ಯಾಹ್ನ ಮೂರಕ್ಕೆ. ಐದರ ನಂತರ ಆಕ್ಷೇಪಣೆ ತೆಗೆದುಕೊಳ್ಳುವುದಿಲ್ಲ. ಗುಮಾಸ್ತ ನಿರಂಜನ್ ಫೈಲನ್ನು ಮೇಜಿನ ಮೇಲಿಟ್ಟು ನಮ್ಮಿಬ್ಬರ ಎದುರಿಗೇ ಕುಳಿತ.

"ಫೋಟೋ ತೆಗಿಬೇಡಿ ಮೇಡಂ. ಯಾವ ಪೇಜ್ ಬೇಕೋ ಹೇಳಿ, ಕಾಪಿ ಕೊಡ್ತೀನಿ."

ನಕ್ಷೆ, ಪತ್ರ, ಪತ್ರಕ್ಕೊಂದು ಜ್ಞಾಪನೆ. ನಾಲ್ಕೂ ಕಾಲಾಯಿತು. ಅರವತ್ತೆರಡನೆಯ ಪುಟದಲ್ಲಿ ಸಿಕ್ಕಿತು: 'ಸ್ವತ್ತಿಗೆ ಮುಖ್ಯರಸ್ತೆಯಿಂದ ಪ್ರವೇಶವಿರುವುದಿಲ್ಲ. ಹಿಂದಿನ ಎಂಟು ಅಡಿ ಓಣಿಯೊಂದೇ ದಾರಿ. ಆದ್ದರಿಂದ ಓಣಿಯ ದರದಂತೆ ಬೆಲೆ ಕಟ್ಟಲಾಗಿದೆ.'

ಕನ್ನಡ ಓದಲು ಬಾರದ ಕುಲ್ಸುಮಮ್ಮನಿಗೆ ಓದಿ ಹೇಳಿದೆ. ಅವರು ಎದ್ದೇ ನಿಂತರು.

"ಯಾ ಅಲ್ಲಾ! ಗೇಟ್ ಇಲ್ವಾ? ಮೂವತ್ತೊಂದ್ ವರ್ಷ ನಾನ್ ತೆಗ್ದಿದ್ದು ಏನು ಹಂಗಾದ್ರೆ? ಯಾವನು ಸಾಕ್ಷಿ ಇದಕ್ಕೆ?"

ಮುಂದಿನ ಪುಟದಲ್ಲಿ ಮಹಜರು, ಅಂದರೆ ಸ್ಥಳ ನೋಡಿ ಬರೆದ ವರದಿ. ಕೆಳಗೆ ಸಾಕ್ಷಿಯ ಸಹಿ ಒಂದೇ, ಉರ್ದುವಿನಲ್ಲಿ. ಉರ್ದು ಓದಲು ಬರದ ನನಗೂ ಗುರುತು ಸಿಕ್ಕಿತು. ನಮ್ಮ ಅರ್ಜಿಯ ಕೆಳಗೆ ಇದ್ದದ್ದೂ ಅದೇ ಸಹಿ.

ಕುಲ್ಸುಮಮ್ಮ ಕುರ್ಚಿಯಲ್ಲಿ ಕುಸಿದರು. ಹೋದ ವರ್ಷ ಟೇಪು ಹಿಡಿದು ಇಬ್ಬರು ಬಂದಿದ್ದರಂತೆ. ಬಿಸಿಲಲ್ಲಿ ನಿಂತಿದ್ದಾರಲ್ಲ ಎಂದು ಇವರು ಶರಬತ್ತು ಕೊಟ್ಟರು. ಬಂದುಹೋಗಿದ್ದಕ್ಕೆ ಒಂದು ಸಹಿ ಎಂದು ಅವರು ಖಾಲಿ ಹಾಳೆ ಚಾಚಿದರು. ಇವರು ಹಾಕಿದರು. ಹೆರಿಗೆ ವಾರ್ಡಿನ ಅಭ್ಯಾಸವೇ ಹಾಗೆ: ಒಂದರ ಹಿಂದೊಂದು ಹೆರಿಗೆಯಾಗುವಾಗ ಆಯಾ ರಿಜಿಸ್ಟರಿನಲ್ಲಿ ಮೊದಲೇ ಸಹಿ ಹಾಕುವುದು, ನರ್ಸಮ್ಮ ಬಿಡುವಾದಾಗ ವಿವರ ತುಂಬುವುದು. ಅಷ್ಟೂ ವರ್ಷ ಅವರ ಸಹಿಯ ಮೇಲೆ ಯಾರೂ ಸುಳ್ಳು ಬರೆದಿರಲಿಲ್ಲ.

ನನಗೆ ಸಿಟ್ಟು ಬಂತು, ಅವರ ಮೇಲೇ. ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಗಡಿಯಾರದ ಕಡೆ ತಿರುಗಿದೆ. ಗಂಟೆ ನಾಲ್ಕೂವರೆ.

"ಈ ಪೇಜ್ ಬಿಟ್ಟು ಆಕ್ಷೇಪಣೆ ಬರಿಯೋಣ, ಕುಲ್ಸುಮಮ್ಮ," ಎಂದೆ. ಬಿಲ್ಡರ್ ಹತ್ತಿರ ದುಡ್ಡು ತಿಂದಳು ಎನ್ನಲು ನಮ್ಮ ಬೀದಿಗೆ ಅರ್ಧ ದಿನ ಸಾಕು.

ನಿರಂಜನ್ ದನಿ ತಗ್ಗಿಸಿದ. "ಹೌದಮ್ಮ. ಸುಳ್ ಸಾಕ್ಷಿ ಅಂತ ನಿಮ್ಮೇಲೇ ಕೇಸ್ ಆಗ್ಬೋದು." ಅದು ಕಾಳಜಿಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ.

ಕುಲ್ಸುಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಪೇಜೇ ಬೇಕು. ಮೊದ್ಲು ಅದನ್ನ ಕಾಪಿ ಮಾಡಪ್ಪ. ನಯನಾ, ನೀನ್ ಬರಿ. ಗೇಟ್ ಇತ್ತು, ನಾನೇ ತೆಗೀತಿದ್ದೆ. ಖಾಲಿ ಹಾಳೇಗೆ ಸಹಿ ಹಾಕಿದ್ದು ನನ್ ತಪ್ಪು. ಅದ್ರಲ್ಲಿ ಸುಳ್ ಬರ್ದಿದ್ದು ಅವ್ರ ತಪ್ಪು."

ಬರೆದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಹಾಳೆ, ಪೆನ್ನು ಅವರ ಮುಂದಿಟ್ಟೆ.

"ಓದು," ಎಂದರು.

ಓದಿದೆ.

"ಇನ್ನೊಂದ್ಸಲ."

"ಟೈಮಿಲ್ಲ ಕುಲ್ಸುಮಮ್ಮ!"

"ಓದು ಅಂದೆ."

ಮತ್ತೆ ಓದಿದೆ, ಕಣ್ಣು ಮಂಜಾಗಿತ್ತು. ಕುಲ್ಸುಮಮ್ಮ ಪೆನ್ನು ತೆಗೆದುಕೊಂಡರು. ನನ್ನ ಬರಹ ಮುಗಿದಲ್ಲಿಂದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಉಳಿದಿತ್ತು. ಅದಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆದು, ಆಮೇಲೆ ಸಹಿ ಹಾಕಿದರು.