ಕಡೆಯ ಹಾಳೆಗಳು ಬೆಳ್ಳಗಿದ್ದವು

ಪುಸ್ತಕದಿಂದ ಮಗ್ಗದ ಎಣ್ಣೆಯ ವಾಸನೆ ಬರುವುದನ್ನು ನೀವು ಕಂಡಿದ್ದೀರೋ ಇಲ್ಲವೋ. ನನ್ನ ಮೇಜಿನ ಮೇಲಿರುವ ಈ ಕಾದಂಬರಿಯಿಂದ ಬರುತ್ತಿದೆ. ಪುಸ್ತಕ ನನ್ನದೇ, ವಾಸನೆ ಶಿವಗೊಂಡನದು. ಅವನು ತೀರಿಕೊಂಡ ಮೇಲೆ, ಮಾತಾಡಿಸಲು ಹೋದ ನನಗೆ ಅವನ ಹೆಂಡತಿ ಗಂಗವ್ವ ಇದನ್ನು ಮರಳಿ ಕೊಟ್ಟಳು.

ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರ ಪೇಟೆಯಲ್ಲಿ ಅವನು ಯಂತ್ರಮಗ್ಗ ನಡೆಸುತ್ತಿದ್ದ. ನಾನು ನೂಲಿನ ಅಂಗಡಿಯಲ್ಲಿ ಗುಮಾಸ್ತ. ಇಬ್ಬರದೂ ಮನೆಮಾತು ಕನ್ನಡ. ಆದರೆ ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬಾರದು. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿ ಓದಿದ ನಾನು ಅವನ ಪಾಲಿಗೆ ಪಂಡಿತ. ಪಾಳಿ ಮುಗಿದ ಮೇಲೆ ಚಹಾದಂಗಡಿಯ ಮರದ ಬಾಕಿನ ಮೇಲೆ ಕುಳಿತು, ನಾನು ಓದಿದ ಕಥೆಗಳನ್ನು ಅವನಿಗೆ ಹೇಳುತ್ತಿದ್ದೆ. ಹೇಳುವಾಗ ಉಪ್ಪು ಖಾರ ಹಚ್ಚುವ ಚಟ ನನಗೆ ಮೊದಲಿನಿಂದಲೂ ಇದೆ. ಸಂತೆಯಿಂದ ಬದನೆಕಾಯಿ ತಂದರೂ ಅದಕ್ಕೊಂದು ಕಥೆ ಕಟ್ಟುತ್ತೀರಿ ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ಈ ಕಾದಂಬರಿ, ಹೊಲ ಪಾಲಾದಾಗ ಮಾತು ಬಿಟ್ಟ ಅಣ್ಣತಮ್ಮಂದಿರದು. ಕಡೆಗೆ ತಮ್ಮ ಹೋಗಿ ಅಣ್ಣನ ಬಾಗಿಲಲ್ಲಿ ನಿಂತು ಕರೆಯುತ್ತಾನೆ. ಬಾಗಿಲು ತೆರೆಯುವುದಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಶಿವಗೊಂಡನಿಗೂ ಗಡಹಿಂಗ್ಲಜದಲ್ಲಿ ಹಾಗೇ ಮಾತು ಬಿಟ್ಟ ಅಣ್ಣನೊಬ್ಬನಿದ್ದ. ಕೇಳುತ್ತ ಕೇಳುತ್ತ ಅವನ ಚಹಾ ಆರಿಹೋಗಿತ್ತು. ಅವನ ಮುಖ ನೋಡಿ ನಾನು ಬಾಗಿಲು ತೆರೆಸಿಬಿಟ್ಟೆ. ಅಣ್ಣ ಹೊರಗೆ ಬಂದು ತಮ್ಮನ ಕೈಗೆ ನೀರಿನ ತಂಬಿಗೆ ಕೊಟ್ಟ ಎಂದೆ. ಶಿವಗೊಂಡ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಕನಿಕರದಿಂದ ಹಾಗೆ ಹೇಳಿದೆನೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಅವನನ್ನು ಅಳಿಸಿದ ಹೆಮ್ಮೆಯೂ ಅದರಲ್ಲಿತ್ತು.

ನಮ್ಮಲ್ಲಿ ಓದುವವರದೊಂದು ಸಣ್ಣ ಕೂಟವಿತ್ತು. ಮಗ್ಗಗಳಿಗೆ ರಜೆಯಿದ್ದ ದಿನ ಸೇರಿ, ತಮಗೆ ಹಿಡಿಸಿದ ಪುಸ್ತಕವನ್ನು ಉಳಿದವರಿಗೆ ಓದಲು ಹೇಳುವುದು, ಆಮೇಲೆ ಅದರ ಮೇಲೆ ವಾದ. ಎಂದೂ ಬಾಯಿ ಬಿಡದ ಶಿವಗೊಂಡ ಒಂದು ದಿನ ಎದ್ದು ನಿಂತ. ಮಗ್ಗಗಳ ಸದ್ದಿನ ನಡುವೆ ಮಾತಾಡಿ ರೂಢಿಯಾದ ಮಗ್ಗದವರದು ದೊಡ್ಡ ದನಿ.

"ಎಲ್ಲಾರೂ ಆ ಅಣ್ಣತಮ್ಮರ ಕಾದಂಬರಿ ಓದ್ರಿ. ಭಾಳ ಚೊಲೋ ಐತಿ. ಕಡೀಕ ಅಣ್ಣ ಬಾಗಲಾ ತಗದು ನೀರ ಕೊಡ್ತಾನ."

ನಿವೃತ್ತ ಮಾಸ್ತರರೊಬ್ಬರು ನಕ್ಕರು. "ಎಲ್ಲಿ ಓದೀದಿಪಾ ಶಿವಗೊಂಡಾ, ಕನಸಿನ್ಯಾಗೋ? ಅಂವಾ ಬಾಗಲಾನ ತಗಿಯೂದಿಲ್ಲ."

ಎಲ್ಲರೂ ನಕ್ಕರು. ಶಿವಗೊಂಡ ನನ್ನ ಕಡೆ ನೋಡಿದ. ಹಾಗೆ ಹೇಳಿದವನು ನಾನು ಎಂಬ ಒಂದು ಮಾತು ಸಾಕಿತ್ತು. ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತೆ.

ಮರುದಿನ ಅಂಗಡಿಗೆ ಬಂದ. ಲೇ ದೋಸ್ತ ಎನ್ನುತ್ತಿದ್ದವನು ಅಂದು ರೀ ಹಚ್ಚಿದ. "ಆ ಪುಸ್ತಕ ಕೊಡ್ರಿ. ಅಕ್ಷರ ಕಲತು ನಾನ ಓದತೇನಿ." ಕೊಟ್ಟೆ. ಆಮೇಲೆ ಅವನು ಚಹಾದಂಗಡಿಯ ಬಾಕಿನ ಕಡೆಗೂ ಬರಲಿಲ್ಲ, ಕೂಟಕ್ಕೂ ಬರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕರ್ನಾಟಕದ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಿದ್ದುದನ್ನು ದೂರದಿಂದ ಕಂಡೆ. ಹತ್ತಿರ ಹೋಗಲಿಲ್ಲ.

ಗಂಗವ್ವ ಕೊಟ್ಟ ಪುಸ್ತಕ ಬಿಡಿಸಿದರೆ, ಪ್ರತಿ ಹಾಳೆಯ ಮೂಲೆಗೂ ಎಣ್ಣೆಯ ಹೆಬ್ಬೆರಳಿನ ಗುರುತು. ಕಡೆಯ ಕೆಲವು ಮಾತ್ರ ಬೆಳ್ಳಗಿದ್ದವು. ಇದೇಕೆ ಎಂದು ಕೇಳಿದೆ.

"ಅಲ್ಲಿಗೆ ಬಂದು ಇವರು ಪುಸ್ತಕ ಮುಚ್ಚಿಟ್ರರಿ. ಮುಂದಿಂದು ನನಗ ಗೊತ್ತೈತಿ ಅಂದ್ರು. ಕಡೀಕ ಅಣ್ಣ ಬಾಗಲಾ ತಗೀತಾನಲ್ರಿ?"

"ಇಲ್ಲವ್ವಾ."

ಅವಳು ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದಳು. "ಹಂಗಾದ್ರ ಇವರು ಯಾವ ಧೈರ್ಯಾದ ಮ್ಯಾಲ ಗಡಹಿಂಗ್ಲಜಕ್ಕ ಹ್ವಾದ್ರು?"

ನಾನು ಕಥೆ ಹೇಳಿದ ವಾರವೇ ಅವನು ಯಾರಿಗೂ ಹೇಳದೆ ಅಣ್ಣನ ಮನೆಗೆ ಹೋಗಿದ್ದನಂತೆ. ಕರೆದು ಕರೆದು, ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತು, ಕಡೆಯ ಬಸ್ಸಿಗೆ ಮರಳಿದ್ದನಂತೆ. ತನ್ನ ಅಣ್ಣನ ಬಾಗಿಲು ತೆರೆಯದ ಮೇಲೂ, ಪುಸ್ತಕದಲ್ಲಿ ತೆರೆಯುತ್ತದೆ ಓದಿರಿ ಎಂದು ಕೂಟದಲ್ಲಿ ಎದ್ದು ನಿಂತು ಹೇಳಿದ್ದ.

ಗಂಗವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ನನ್ನ ಮುಂದಿದ್ದ ಚಹಾದ ಕಪ್ಪನ್ನು, ಇನ್ನೂ ಅರ್ಧ ಇರುವಾಗಲೇ, ಎತ್ತಿಕೊಂಡು ಒಳಗೆ ಹೋದಳು. ನೋಡುತ್ತ ಕುಳಿತುಕೊಳ್ಳಲು ಅದೂ ಉಳಿಯಲಿಲ್ಲ.

ಕೂಟ ಈಗಲೂ ಸೇರುತ್ತದೆ. ಈ ಸಲ ಇದೇ ಪುಸ್ತಕವನ್ನು ಒಯ್ಯುತ್ತೇನೆ. ಓದಿರಿ ಎನ್ನುತ್ತೇನೆ, ಅಂದು ಶಿವಗೊಂಡ ಹೇಳಿದ ಕೊನೆ ನನ್ನದು ಎಂದೂ ಹೇಳುತ್ತೇನೆ. ಅಂದು ನಕ್ಕವರಲ್ಲಿ ಈಗ ಉಳಿದವರು ಕೆಲವರೇ. ಮಾಸ್ತರರಿಗೆ ಕಿವಿ ಕೇಳುವುದಿಲ್ಲ. ಮಗ್ಗದವರ ಹಾಗೆ ಗಟ್ಟಿಯಾಗಿ ಹೇಳಬೇಕು.