ಕಚೇರಿಗೆ ಮುಟ್ಟದ ನಾಗಕ್ಕನ ಸಹಿ

ನಾಗಕ್ಕ, ನಿನ್ನ ಅರ್ಜಿಯನ್ನು ನಾನು ಕಚೇರಿಗೆ ಕೊಡಲೇ ಇಲ್ಲ. ಹನ್ನೊಂದು ವರ್ಷದಿಂದ ಅದು ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಇದೆ. ಕಚೇರಿಯವರು ಒಪ್ಪಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ — ಅವರು ಅದನ್ನು ಕಣ್ಣಿಂದ ನೋಡಿಯೂ ಇರಲಿಲ್ಲ.

ನಗರಾಭಿವೃದ್ಧಿ ಕಚೇರಿಯ ಹೊಸ ನಕ್ಷೆ ಬಂದ ವರ್ಷ ನೆನಪಿದೆಯಲ್ಲ. ದಾವಣಗೆರೆ ಬೆಳೆಯುತ್ತ ಬೆಳೆಯುತ್ತ ನಮ್ಮ ಆವರಗೆರೆಯ ಹೊಲಗಳ ಅಂಚಿಗೆ ಬಂದು ನಿಂತಿತ್ತು. ನಕ್ಷೆಯಲ್ಲಿ ಹಳದಿ ಬಳಿದ ಕಡೆ ಸೈಟು ಮಾಡಿ ಮಾರಬಹುದು, ಮನೆ ಕಟ್ಟಬಹುದು. ಹಸಿರು ಬಳಿದದ್ದು ಹೊಲವಾಗಿಯೇ ಇರಬೇಕು. ನಿನ್ನ ಒಂದೂವರೆ ಎಕರೆ, ಬದುವಿನ ಈಚೆಗಿರುವ ನನ್ನ ಒಂದು ಎಕರೆ — ಎರಡೂ ಹಸಿರಿಗೆ ಬಿದ್ದಿದ್ದವು. ತಕರಾರು ಇದ್ದವರು ಗಡುವಿನೊಳಗೆ ಅರ್ಜಿ ಕೊಡಿ ಎಂದು ನೋಟಿಸು ಹಚ್ಚಿದ್ದರು. ಸುತ್ತಲಿನವರೆಲ್ಲ ಕೊಟ್ಟರು.

ನಿನಗೆ ಬೇಕಾಗಿದ್ದುದು ಇಷ್ಟೇ. ಹೊಲ ಹಳದಿಯಾದರೆ ಅದನ್ನು ಮಾರಿ, ಹರಿಹರದಲ್ಲಿ ಒಂದು ಸಣ್ಣ ಮನೆ ಕೊಂಡು, ಮಗಳು ಶೋಭಾ ಮತ್ತು ಮೊಮ್ಮಗಳ ಜೊತೆ ಇರುವುದು. ಗಂಡ ಬಿಟ್ಟುಹೋದ ಮೇಲೆ ಶೋಭಾ ಹೊಲಿಗೆ ಯಂತ್ರವನ್ನೇ ನಂಬಿಕೊಂಡು, ಬಾಡಿಗೆ ಮನೆಯಲ್ಲಿ ಮಗುವನ್ನು ಒಬ್ಬಳೇ ಸಾಕುತ್ತಿದ್ದಳು. ಅರ್ಜಿ ಟೈಪ್ ಮಾಡುವುದೇ ನನ್ನ ಕಸುಬಾಗಿದ್ದರಿಂದ ನೀನು ನೇರ ನನ್ನ ಅಂಗಡಿಗೆ ಬಂದೆ.

"ಹೆಬ್ಬೆಟ್ಟು ಬ್ಯಾಡ ಗಿರಿಜಾ. ಇದಕ್ಕೆ ಸಹೀನೇ ಮಾಡ್ತೀನಿ. ಕಲಿಸು" ಎಂದೆ.

ಎಷ್ಟು ನಕ್ಕೆವು ಆ ದಿನಗಳಲ್ಲಿ. ನೀನು ಬದುವಿನ ಮಣ್ಣಿನಲ್ಲಿ ತೊಗರಿ ಕಡ್ಡಿಯಿಂದ ಬರೆದೆ, ನನ್ನ ಅಂಗಡಿಯ ರದ್ದಿ ಕಾಗದದ ಮೇಲೆ ಬರೆದೆ. ಕುಡುಗೋಲಿಗೆ ಹೆದರದವಳು ಪೆನ್ನನ್ನು ಚೇಳು ಹಿಡಿದಂತೆ ಹಿಡಿಯುತ್ತಿದ್ದೆ. ನಾನು ಛೇಡಿಸಿದರೆ, "ನೀನು ಒಂದು ಸಾಲು ಕಳೆ ತೆಗಿ ನೋಡಣ" ಎನ್ನುತ್ತಿದ್ದೆ. ಇಪ್ಪತ್ತು ದಿನ ಹಿಡಿಯಿತು. ಕೊನೆಗೆ ಅರ್ಜಿಯ ಕೆಳಗೆ ನಾಲಿಗೆ ಕಚ್ಚಿಕೊಂಡು 'ನಾಗಮ್ಮ' ಎಂದು ಬರೆದೆ. ಅದು ನಿನ್ನ ಬದುಕಿನ ಮೊದಲ ಸಹಿ.

ನನ್ನ ಹೊಲದ ಅರ್ಜಿಯನ್ನೂ ಅದರ ಜೊತೆಗಿಟ್ಟುಕೊಂಡು ಕಚೇರಿಗೆ ಹೋದೆ. ಸರದಿಯಲ್ಲಿ ನಿಂತೆ. ಕೊಡಬೇಕೆಂದೇ ಹೋಗಿದ್ದೆ — ಇಷ್ಟನ್ನಾದರೂ ನಂಬು. ಆದರೆ ನಿಂತಲ್ಲೇ ಒಂದು ಲೆಕ್ಕ ಶುರುವಾಯಿತು. ಇದು ಮಂಜೂರಾದರೆ ನೀನು ಹೋಗುತ್ತೀ. ಬದುವಿನ ಆಚೆ ಯಾರದೋ ಕಾಂಪೌಂಡು ಏಳುತ್ತದೆ. ನನ್ನವರು ತೀರಿಕೊಂಡಾಗ ಮೂಲೆ ಹಿಡಿದು ಕೂತಿದ್ದ ನನ್ನನ್ನು ರಟ್ಟೆ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದವಳು ನೀನು. "ಅಳಾದಾದ್ರೆ ಅಳು, ಕೈ ಮಾತ್ರ ನಿಲ್ಲಿಸಬ್ಯಾಡ" ಎಂದು ಕುಡುಗೋಲು ಕೊಟ್ಟವಳು. ಭಾನುವಾರದ ಬುತ್ತಿ, ಬದುವಿನ ಮೇಲಿನ ಅವರೆ, ನಿನ್ನ ಬೈಗುಳ — ಇವಿಲ್ಲದೆ ನಾನು ಏನು ಮಾಡಲಿ...

"ಅರ್ಜಿ ಕೊಡ್ರಿ ಅಮ್ಮ" ಎಂದರು ಕಿಟಕಿಯೊಳಗಿನವರು.

"ಸಹಿ ಒಂದು ಬಾಕಿ ಐತ್ರಿ" ಎಂದೆ.

ಸಹಿ ಕೈಯಲ್ಲೇ ಇತ್ತು, ಅಕ್ಕ. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಸಾಲಿನಿಂದ ಹೊರಗೆ ಬಂದೆ. ದಾರಿಯಲ್ಲಿ ನಿನಗಾಗಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡೆ. ನೀನು ಬದುವಿನ ಮೇಲೆ ಕಾಯುತ್ತಿದ್ದೆ.

"ಕೊಟ್ಟು ಬಂದೇನವ್ವಾ?"

"ಕೊಟ್ಟೆ ಅಕ್ಕ."

ಗಡುವು ಮುಗಿಯುವವರೆಗೆ ನಾಳೆ ಕೊಡೋಣ, ನಾಡಿದ್ದು ಕೊಡೋಣ ಎಂದುಕೊಂಡೆ. ಎರಡನ್ನೂ ಕೊಡಲಿಲ್ಲ. ನಕ್ಷೆ ಕಾಯಂ ಆದಾಗ ಸುತ್ತಲೆಲ್ಲ ಹಳದಿ, ನಡುವೆ ನಮ್ಮಿಬ್ಬರ ಹೊಲ ಮಾತ್ರ ಹಸಿರು. ನಾನು ಮೋಸ ಮಾಡಿರಬಹುದೆಂದು ನಿನಗೆ ಹೊಳೆಯಲೇ ಇಲ್ಲ — ನನ್ನ ಹೊಲವೂ ಹಸಿರಿಗೇ ಹೋಗಿತ್ತಲ್ಲ. ಆ ವರ್ಷದ ಸೀಗೆ ಹುಣ್ಣಿಮೆಯಲ್ಲಿ ನೀನು ನಿನ್ನ ಹೊಲಕ್ಕೆ ಚರಗದ ಅನ್ನ ಚೆಲ್ಲಿ, ಬುಟ್ಟಿ ಹೊತ್ತು ಬದು ದಾಟಿ ನನ್ನ ಹೊಲಕ್ಕೂ ಬಂದೆ. "ಇದಕ್ಕೂ ಅನ್ಯಾಯ ಆಗೈತೆ, ಪಾಪ. ಇದೂ ಒಂದು ತುತ್ತು ಉಣ್ಲಿ" ಎನ್ನುತ್ತ ಅನ್ನ ಎರಚಿದೆ. ನಾನು ನೋಡುತ್ತ ನಿಂತಿದ್ದೆ.

ನನ್ನದೂ ನಷ್ಟವಾಯಿತಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನಗೆ ಬೇಕಾದದ್ದು ನನಗೆ ಸಿಕ್ಕಿತ್ತು. ನೀನು ಇಲ್ಲೇ ಉಳಿದೆ.

ಕಳೆದ ತಿಂಗಳು ಹರಿಹರಕ್ಕೆ ನಿನ್ನ ಜೊತೆ ಬಂದೆನಲ್ಲ. ಶೋಭಾಳ ಮನೆ ಇರುವುದು ಮಹಡಿಯ ಮೇಲೆ. ನಿನ್ನ ಮಂಡಿಗೆ ಈಗ ಆ ಮೆಟ್ಟಿಲು ಆಗುವುದಿಲ್ಲ. ನೀನು ಕೆಳಗಿನ ಅಂಗಡಿಯ ಬೆಂಚಿನ ಮೇಲೆ ಕೂತೆ. ಶೋಭಾ ಚಹಾ ಹಿಡಿದು ಇಳಿದು ಬಂದಳು. ಮೊಮ್ಮಗಳು ನಿನಗಿಂತ ಎತ್ತರ ಬೆಳೆದಿದ್ದಾಳೆ. "ಅಜ್ಜಿ, ಮ್ಯಾಲೆ ನನ್ನ ಓದೋ ಮೇಜು ಐತೆ, ನೀ ನೋಡೇ ಇಲ್ಲ" ಎಂದಳು. ನೀನು ನಕ್ಕು, "ಫೋಟೋ ತೋರ್ಸು" ಎಂದೆ. ಅವಳು ಮೊಬೈಲು ತರಲು ಮೇಲೆ ಓಡಿದಳು. ನಾನು ಚಹಾ ಲೋಟವನ್ನು ಬೆಂಚಿನ ಮೇಲಿಟ್ಟೆ. ಆ ಮಗು ಬೆಳೆದ ಹನ್ನೊಂದು ವರ್ಷವನ್ನು ಯಾವ ಕಚೇರಿಯೂ ನಿನಗೆ ವಾಪಸು ಕೊಡಲಾರದು.

ಈಗ ನಕ್ಷೆ ಮತ್ತೆ ಪರಿಷ್ಕರಣೆಗೆ ಬಂದಿದೆ. ಮತ್ತೆ ನೋಟಿಸು, ಮತ್ತೆ ಗಡುವು. ನಿನ್ನೆ ನೀನು ಬಾಗಿಲಿಗೆ ಬಂದು, "ಈ ಸಲನೂ ನೀನೇ ಬರಿ ಗಿರಿಜಾ, ಸಹಿ ಈಗ ಚಲೋ ಬರುತ್ತೆ ನಂಗೆ" ಎಂದು ಹೋದೆ. ಬರೆದಿಟ್ಟಿದ್ದೇನೆ. ಅದರ ಜೊತೆ ಈ ಪತ್ರವನ್ನೂ.

ನಿನಗೆ ನಿನ್ನ ಹೆಸರಿನ ಹೊರತು ಓದಲು ಬಾರದು. ಹಾಗಾಗಿ ನಾಳೆ ಬೆಳಿಗ್ಗೆ ಬದುವಿನ ಮೇಲೆ ನಿನ್ನನ್ನು ಕೂರಿಸಿ ಇದನ್ನು ನಾನೇ ಓದಿ ಹೇಳುತ್ತೇನೆ, ಒಂದು ಸಾಲೂ ಬಿಡದೆ. ಹಳೆಯ ಅರ್ಜಿಯನ್ನು ನಿನ್ನ ಮಡಿಲಿಗೆ ಹಾಕುತ್ತೇನೆ. ಆಮೇಲೆ ನೀನು ಬೈದರೂ ಸರಿ, ಮಾತು ಬಿಟ್ಟರೂ ಸರಿ.

ಹೊಸ ಅರ್ಜಿಯನ್ನು ಮಾತ್ರ ಶೋಭಾಳನ್ನು ಕರೆದುಕೊಂಡು ಹೋಗಿ ನೀನೇ ಕೊಡು. ಸೀಲು ಹಾಕಿದ ಪ್ರತಿ ಇಸಿದುಕೋ. ನನ್ನ ಕೈಗೆ ಕೊಡಬೇಡ, ಅಕ್ಕ.