ಗಿಡ್ಡಪ್ಪ ಕೋಟೆ ಹತ್ತಿದ ದಿನ

ಮೊನ್ನೆ ಮಧ್ಯಾಹ್ನ ಟಿ.ವಿ. ಪಕ್ಕದ ಸೆಟ್‌ಟಾಪ್ ಡಬ್ಬಿ ಕಾದು, ಧೂಳು ಸುಟ್ಟ ವಾಸನೆ ಬಂತು. ಬೇರೆಯವರಾದರೆ ಓಡಿಹೋಗಿ ಅದನ್ನು ಆರಿಸುತ್ತಿದ್ದರು. ನಾನು ಕಣ್ಣು ಮುಚ್ಚಿ ಆ ವಾಸನೆಯನ್ನು ಒಮ್ಮೆ ಚೆನ್ನಾಗಿ ಎಳೆದುಕೊಂಡೆ. ಮಲ್ಲಿಗೆಯ ವಾಸನೆಗೆ ತವರು ನೆನಪಾಗುವವರಿದ್ದಾರೆ. ನನಗೆ ಬಿಸಿ ಧೂಳಿನ ವಾಸನೆಗೆ ಆಳಂದದ ಗಂಡನ ಮನೆ, ಅದರಲ್ಲೂ ನಮ್ಮ ಮಾವನವರು ನೆನಪಾಗುತ್ತಾರೆ. ನಗಬೇಡಿ, ಮೊದಲು ಕೇಳಿ.

ಮಾವನವರು ಚಂದ್ರಶೇಖರಪ್ಪ ಮಾಸ್ತರರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ. ತಿದ್ದುವ ಅಭ್ಯಾಸ ಹಾಗೇ ಉಳಿದಿತ್ತು, ತಿದ್ದಿಸಿಕೊಳ್ಳಲು ಹುಡುಗರಿರಲಿಲ್ಲ. ಆದ್ದರಿಂದ ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ರೊಟ್ಟಿಯ ಆಕಾರದ ಬಗ್ಗೆ, ಬೇಳೆಗೆ ಬಿದ್ದ ಉಪ್ಪಿನ ಬಗ್ಗೆ, ನಾನು ಲೋಟ ಇಟ್ಟ ಜಾಗದ ಬಗ್ಗೆ ಪಾಠ ಮಾಡುತ್ತಿದ್ದರು. ಅತ್ತೆ ಬಾಯಿ ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ದಿನೇ ದಿನೇ ಜೋರಾಗುತ್ತಿತ್ತು.

ಇಂಥ ಮನೆಗೆ ಒಂದು ದಿನ ನಮ್ಮ ಯಜಮಾನರು ಜೀಪಿನಲ್ಲಿ ಕಂಪ್ಯೂಟರ್ ತಂದು ಇಳಿಸಿದರು. ಅವರದು ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ. ಸೊಲ್ಲಾಪುರದ ವ್ಯಾಪಾರಿಯೊಬ್ಬ ಆಫೀಸು ಖಾಲಿ ಮಾಡುತ್ತ, ಜಾಗ ಹಿಡಿಯುವ ಈ ಪೆಟ್ಟಿಗೆಯನ್ನು ಸಾಮಾನಿನ ಜೊತೆ ಇವರ ತಲೆಗೆ ಕಟ್ಟಿದ್ದ. ಮದುವೆಗೆ ಮುಂಚೆ ನಾನು ಗುಲಬರ್ಗಾದಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದ್ದೆ. ಹೆಂಡತಿ ಖುಷಿಯಾದಾಳು ಎಂದುಕೊಂಡರೇನೋ. ಊರಲ್ಲಿ ಕಂಪ್ಯೂಟರ್ ನೋಡಿದವರೇ ಕಡಿಮೆ ಇದ್ದ ಕಾಲ ಅದು. ಆದರೆ ನಮ್ಮದು ಆಗಲೇ ಮುದುಕ. ಪರದೆಯಲ್ಲಿ ಹಸಿರು ಬಿಟ್ಟು ಬೇರೆ ಬಣ್ಣವಿಲ್ಲ. ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟಿ, ಕಡೆಗೆ ಏನೂ ಓದಲಾರೆ ಎಂದು ಇಂಗ್ಲಿಷಿನಲ್ಲಿ ತಿಳಿಸಿ ಸುಮ್ಮನಾಗುತ್ತಿತ್ತು.

"ಇದು ಏನ್ ಮಾಡ್ತದವಾ?" ಎಂದು ಮಾವನವರು ಕೇಳಿದರು.

"ಸದ್ಯಕ್ಕ ಏನೂ ಮಾಡಾಂಗಿಲ್ರಿ ಮಾವಾರ."

"ಹಂಗಾದ್ರ ನಮ್ಮ ಮಗನಂಗಽಽ ಅದ," ಎಂದು ಎದ್ದುಹೋದರು.

ಅದಕ್ಕೆ ಜೀವ ಬಂದದ್ದು ಅತ್ತೆಯಿಂದ, ಅದೂ ಕಸ ಗುಡಿಸುವಾಗ. ಕೆಳಗಿನ ಧೂಳು ತೆಗೆಯಲೆಂದು ಅವರು ಪೆಟ್ಟಿಗೆಯ ಒಂದು ಬದಿ ಎತ್ತಿ ಹಿಡಿದಿದ್ದರು. ನಾನು ಗುಂಡಿ ಒತ್ತಿದಾಗಿನಿಂದ ಕರಕರ ಎನ್ನುತ್ತಿದ್ದ, ಫ್ಲಾಪಿ ತೂರಿಸುವ ಬಾಯಿ ಇದ್ದಕ್ಕಿದ್ದಂತೆ ಮೆತ್ತಗೆ ತಿರುಗತೊಡಗಿತು. ಕೆಳಗಿಟ್ಟರೆ ಮತ್ತೆ ಕರಕರ. ಎತ್ತಿದರೆ ಗುಣುಗುಣು. ನಾವಿಬ್ಬರೂ ಸೇರಿ ಅದನ್ನು ಮಗ್ಗುಲಾಗಿ ನಿಲ್ಲಿಸಿ, ಬೀಳದಂತೆ ತೊಗರಿ ಚೀಲಕ್ಕೆ ಒರಗಿಸಿದೆವು. ಪೆಟ್ಟಿಗೆಯ ಜೊತೆ ಬಂದಿದ್ದ ಹಪ್ಪಳದಂಥ ತೆಳ್ಳನೆಯ ಫ್ಲಾಪಿಗಳಲ್ಲಿ ಎರಡು ನನಗೆ ಗುರುತಿದ್ದವು. ಕೋರ್ಸಿನಲ್ಲಿ ಗುರುಗಳ ಕಣ್ಣು ತಪ್ಪಿಸಿ ನಾವೆಲ್ಲ ಆಡುತ್ತಿದ್ದ ಆಟ. ಒಬ್ಬ ಗಿಡ್ಡ ಮನುಷ್ಯ ಹಣ್ಣು ತಿನ್ನುತ್ತ, ತಗ್ಗು ಜಿಗಿಯುತ್ತ ಕೋಟೆ ಹತ್ತಬೇಕು. ಮೊದಲ ಫ್ಲಾಪಿಯಲ್ಲಿ ಅರ್ಧ ಕೋಟೆ, ಎರಡನೆಯದರಲ್ಲಿ ಉಳಿದರ್ಧ.

ನಾನು ಆಡುತ್ತಿದ್ದಾಗ ಹಿಂದಿನಿಂದ ಗುಡುಗು ಕೇಳಿಸಿತು. "ಲೇ! ಕಣ್ಣ ಎಲ್ಲಿಟ್ಟಿಲೇ? ಮುಂದ ತಗ್ಗದ!"

ನನಗೇ ಬೈದರೆಂದು ಎದ್ದು ನಿಂತೆ. ಅಲ್ಲ, ಮಾವನವರು ಬೈದದ್ದು ಪರದೆಯ ಮೇಲಿನ ಮನುಷ್ಯನಿಗೆ. ಒಬ್ಬ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ಅವರು ಹೇಗೆ ನೋಡಿಯಾರು? ಕುರ್ಚಿ ಎಳೆದುಕೊಂಡರು. ಅಂದು ಕೂತವರು ಊಟಕ್ಕೆ ಎದ್ದದ್ದು ಮೂರು ಸಲ ಕರೆದ ಮೇಲೆ. ಆ ಮನುಷ್ಯನಿಗೆ ಗಿಡ್ಡಪ್ಪ ಎಂದು ಹೆಸರಿಟ್ಟರು. ಬೇಳೆಗೆ ಉಪ್ಪು ಹಾಕಲು ನಾನು ಮರೆತಿದ್ದೆ. ಅವರು ಮಾತಿಲ್ಲದೆ ಉಂಡು ಎದ್ದುಹೋದರು.

ಅತ್ತೆ ನನ್ನ ಕೈ ಹಿಡಿದು ಅಡುಗೆಮನೆಯ ಮೂಲೆಗೆ ಎಳೆದೊಯ್ದರು. "ಬೇ, ಅದು ಬಂದ್ ಬೀಳಬಾರ್ದು ನೋಡು. ಏನ್ ಬೇಕಾದ್ರೂ ಮಾಡು, ಚಾಲೂ ಇಡು. ಅದು ಕೆಟ್ರ ಆ ಕುರ್ಚಿ ಮತ್ತ ಹೊಸ್ತಿಲಕ್ಕ ಬರ್ತದ!"

ಹೀಗೆ ಆ ಮುದಿ ಯಂತ್ರ ಓಡುವುದರ ಮೇಲೆ ನಮ್ಮಿಬ್ಬರ ನೆಮ್ಮದಿ ನಿಂತಿತು. ಅದೋ, ಸ್ವಲ್ಪ ಹೊತ್ತು ಆಡಿದರೆ ಕಾದು ಬೆಚ್ಚಗಾಗಿ, ಧೂಳು ಸುಟ್ಟ ವಾಸನೆ ಬಿಟ್ಟು, ಗಿಡ್ಡಪ್ಪನನ್ನು ಗಾಳಿಯಲ್ಲೇ ನಿಲ್ಲಿಸಿಬಿಡುತ್ತಿತ್ತು. ಆಗ ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಎನ್ನದು. ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಅತ್ತೆ ಬೀಸಣಿಕೆ ತಂದು ಪಕ್ಕದಲ್ಲಿ ಕೂತು ಗಾಳಿ ಹಾಕತೊಡಗಿದರು. ಬಾಣಂತಿಗೂ ಅವರು ಅಷ್ಟು ಆರೈಕೆ ಮಾಡಿದ್ದನ್ನು ನಾನು ಕಾಣೆ. ಗಾಳಿ ಇರುವ ತನಕ ಆಟ ಓಡುತ್ತಿತ್ತು.

ಗಿಡ್ಡಪ್ಪ ಅರ್ಧ ಕೋಟೆ ಏರಿದ ದಿನ ಯಂತ್ರ ಎರಡನೆಯ ಫ್ಲಾಪಿ ಕೇಳಿತು. ನೋಡಿದರೆ ಅದಕ್ಕೆ ಬೂಷ್ಟು. ಒರೆಸಿ, ಒಣಗಿಸಿ ಹಾಕಿದೆ. ಗಿಡ್ಡಪ್ಪ ಹೊಸ ಮೆಟ್ಟಿಲಿಗೆ ಕಾಲಿಟ್ಟವನೇ ಎದುರಿನ ತಗ್ಗಿಗೆ ಬೀಳುತ್ತಿದ್ದ. ನಾವು ಯಾವ ಗುಂಡಿ ಒತ್ತಿದರೂ ಬೀಳುತ್ತಿದ್ದ. ಇನ್ನು ಬಿಡೋಣ ಎಂದೆ.

"ನಡಬರಕ ಬಿಡೂದಂದ್ರ?" ಮಾವನವರ ಮುಖ ಕೆಂಪಾಯಿತು. "ನಾ ಎಂದೂ ಹುಡುಗರನ್ನ ಅರ್ಧಕ್ಕ ಕೈ ಬಿಟ್ಟಾಂವಲ್ಲ. ಮತ್ತ ಯಾರ ಹತ್ರ ಅದ ಹೇಳು."

ನನ್ನ ಜೊತೆ ಕಲಿತ ಸುಮಂಗಲಾಳ ಹತ್ತಿರ ಇತ್ತು. ಅವಳ ಊರು ಜೇವರ್ಗಿ ಕಡೆಯ ಕೊಳಕೂರ. ಮರುದಿನವೇ ಮಾವ ಸೊಸೆ ಬಸ್ಸು ಹತ್ತಿದೆವು. ಇಷ್ಟು ದೂರ ಯಾಕೆ ಬಂದಿರಿ ಎಂದು ಸುಮಂಗಲಾಳ ತಾಯಿ ಕೇಳಿದರು. ಮಾವನವರು ಗಂಭೀರವಾಗಿ "ಕೆಲಸ ಇತ್ರಿ" ಎಂದರು. ಸುಮಂಗಲಾ ಫ್ಲಾಪಿಯನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಳು. ಕಂದು ಕಾಗದದ ಚೀಲಕ್ಕೆ ಹಾಕಿ ಕೊಟ್ಟಳು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಆಳಂದದ ಕಡೆ ಹೊರಟಾಗ, ಮಾವನವರು ಆ ಚೀಲವನ್ನು ಬಿಸಿಲು ತಾಗದಂತೆ ಎರಡೂ ಕೈಯಲ್ಲಿ ಎದೆಗೆ ಹಿಡಿದು ಕೂತಿದ್ದರು. ಕಂಡಕ್ಟರ್ ನೋಡಿ ಮರುಗಿದ.

"ಎಕ್ಸ್‌ರೇ ಏನ್ರಿ ಮಾಸ್ತರ? ಯಾರಿಗಿ ಏನಾಗೇದ್ರಿ?"

ಜೀವಮಾನದಲ್ಲಿ ಸುಳ್ಳು ಹೇಳದ ಮನುಷ್ಯ. "ಗಿಡ್ಡಪ್ಪ ಅಂತ್ರಿ. ತಗ್ಗಿನ್ಯಾಗ ಬಿದ್ದಾನ."

"ಭಾಳ ಪೆಟ್ಟಾಗೇದೇನ್ರಿ?"

"ಮ್ಯಾಲಿಂದ ಮ್ಯಾಲ ಅಲ್ಲೇ ಬೀಳಾಕತ್ಯಾನ್ರಿ."

ಹಿಂದಿನ ಸೀಟಿನ ಮುದುಕಿ ಮುಂದಕ್ಕೆ ಬಾಗಿದಳು. "ಕುಡಿತಾನೇನ್ರಿ?"

"ಇಲ್ರಿ, ಬರೇ ಹಣ್ಣು ತಿಂತಾನ."

"ಅಯ್ಯ, ಪಾಪ! ಅದಕ್ಕಽಽ ಕಾಲಾಗ ಶಕ್ತಿ ಇಲ್ಲ. ರೊಟ್ಟಿ ತಿನಸ್ರಿ," ಎಂದಳು. ಇಡೀ ಬಸ್ಸು ಹೌದೆಂದಿತು. ಒಬ್ಬರು ಎಲುಬು ಕೂಡಿಸುವವರ ಮನೆಗೆ ದಾರಿ ಹೇಳಿದರು. ಕಡಗಂಚಿಯಲ್ಲಿ ಇಳಿಯುವಾಗ ಮುದುಕಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಗಿಡ್ಡಪ್ಪನ ಹಣೆಗೆ ಹಚ್ಚಲು ಕೊಟ್ಟುಹೋದಳು. ನಾನು ಸೆರಗು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಸೊಸೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಮನೆಗೆ ಬಂದ ಮಾವನವರು ವಿಭೂತಿಯನ್ನು ಪೆಟ್ಟಿಗೆಗೆ ಹಚ್ಚಿದರು. ಕೊಟ್ಟವರ ಮಾತು ಉಳಿಸಬೇಕಲ್ಲ ಎಂದರು.

ಮರುದಿನ ಕರೆಂಟ್ ಬಂದದ್ದೇ ತಡ, ಕೂತರು. ಮಾವನವರ ಬೆರಳು ಗುಂಡಿಯ ಮೇಲೆ, ಅತ್ತೆಯ ಕೈ ಬೀಸಣಿಕೆಯ ಮೇಲೆ. ಬೀಸಿ ಬೀಸಿ ಅತ್ತೆಯ ಕುಪ್ಪಸ ತೊಯ್ದಿತ್ತು. ಒಂದು ಕೈ ಸೋತರೆ ಇನ್ನೊಂದು ಕೈ. ನಾನು ಬೀಸುತ್ತೇನೆಂದರೂ ಕೊಡಲಿಲ್ಲ. ಗಿಡ್ಡಪ್ಪ ತಗ್ಗು ಜಿಗಿದ. "ಶಾಬ್ಬಾಸ್!" ಎಂದು ಮಾವನವರು ಕೂಗಿದ್ದಕ್ಕೆ ಪಕ್ಕದ ಮನೆಯ ಎಮ್ಮೆ ಬೆದರಿತು. ಮೆಟ್ಟಿಲು ಮುಗಿದವು, ಬಾಗಿಲು ತೆರೆಯಿತು. ಗಿಡ್ಡಪ್ಪ ಕೋಟೆಯ ತುದಿಯಲ್ಲಿ ನಿಂತು ಕೈ ಬೀಸಿದ. ಕೆಳಗೆ, ಗೆದ್ದವರ ಹೆಸರು ಬರೆಯಲು ಮೂರು ಚೌಕ ಮೂಡಿದವು.

"ಚಂದ್ರಶೇಖರಪ್ಪ ಅಂತ ಬರಿಯವಾ," ಎಂದರು, ಶಲ್ಯ ಸರಿಮಾಡಿಕೊಂಡು.

"ಮೂರಽಽ ಅಕ್ಷರ ಹಿಡಿತಾವ್ರಿ ಮಾವಾರ. ಇಂಗ್ಲಿಷ್ನ್ಯಾಗ. ಅಷ್ಟರಾಗ ಚಂದ್ರ ಅಂತ್ಲೂ ಕೂಡಂಗಿಲ್ರಿ."

"ಅರ್ಧಾ ಹೆಸರು ಬರದ್ರ ತಪ್ಪಾಗ್ತದ." ಯೋಚಿಸುತ್ತ ಅವರ ಕಣ್ಣು ಪಕ್ಕಕ್ಕೆ ಹೊರಳಿತು. ಬೆವರಿನಲ್ಲಿ ಕುಂಕುಮ ಇಳಿದ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಉಮಾ ಅಂತ ಹಾಕು. ಬರೋಬ್ಬರಿ ಕೂಡ್ತದ."

ಬೀಸಣಿಕೆ ನಿಂತಿತು. ಆ ಮನೆಯಲ್ಲಿ ಅತ್ತೆಯ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಯಾವಾಗಲೂ "ಏ, ಕೇಳಿಲ್ಲಿ" ಅಷ್ಟೆ.

"ಹೆಸರ ಹಿಡದ ಕರದ್ರೇನ್ರಿ?" ಅತ್ತೆಯ ದನಿ ಸಣ್ಣಗಾಗಿತ್ತು.

"ಕರದಿಲ್ಲ. ಬರಸಾಕತ್ತೇನಿ."

ಯು, ಎಂ, ಎ ಎಂದು ನಾನು ಒತ್ತಿದೆ. ಗಾಳಿ ತಪ್ಪಿದ ಯಂತ್ರ ಅಷ್ಟರಲ್ಲಿ ಕಾದು, ಹೆಸರನ್ನು ಪರದೆಯ ಮೇಲೆ ಹಾಗೇ ಹಿಡಿದುಕೊಂಡು ನಿಂತುಬಿಟ್ಟಿತು. ಯಾವ ಗುಂಡಿಗೂ ಅಲುಗಲಿಲ್ಲ. ಆರಿಸಿದರೆ ಮಾತ್ರ ಹೋಗುವುದು, ಆದರೆ ಆರಿಸಲು ಮಾವನವರು ಬಿಡಲಿಲ್ಲ. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಅವರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಅತ್ತೆಗೂ. ಆದರೂ ಒಂದೊಂದಾಗಿ ಬೆರಳಿಟ್ಟು "ಉ... ಮಾ" ಎಂದು ಓದಿ ಹೇಳಿದರು. ಎರಡಕ್ಷರಕ್ಕೆ ಮೂರು ಯಾಕೆ ಎಂದು ಒಬ್ಬಾಕೆ ಕೇಳಿದ್ದಕ್ಕೆ, "ಒಂದ ಹೆಚ್ಚಿಗಿ ಕೊಟ್ಟಾರ," ಎಂದರು.

ಸಂಜೆ ಕರೆಂಟ್ ಹೋಯಿತು. ಅದರ ಜೊತೆ ಹೆಸರೂ, ಯಂತ್ರವೂ ಹೋದವು. ಆಮೇಲೆ ಅದನ್ನು ಎಷ್ಟು ಎತ್ತಿದರೂ ಇಳಿಸಿದರೂ ಏಳಲಿಲ್ಲ. ನಾವಿಬ್ಬರೂ ಹೊಸ್ತಿಲ ಕುರ್ಚಿಗೆ ಹೆದರಿ ಮಲಗಿದೆವು.

ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯಿಂದ ದನಿ ಬಂತು. "ಉಮಾ, ನನ್ನ ಚಷ್ಮಾ ಎಲ್ಲದ?"

ಚಷ್ಮಾ ಅತ್ತೆಯ ಎದುರಿನ ಗೂಡಿನಲ್ಲೇ ಇತ್ತು. ನಾನು ಕೊಡಲು ಎದ್ದೆ. ಅತ್ತೆ ಹಿಟ್ಟಿನ ಕೈಯಿಂದಲೇ ನನ್ನ ಸೆರಗು ಹಿಡಿದು ಕೂರಿಸಿದರು. "ತಡಿ ಬೇ," ಎಂದು ಪಿಸುಗುಟ್ಟಿದರು. "ಇನ್ನೊಮ್ಮಿ ಕರೀಲಿ."

ಆ ಆಟ ಈಗ ಫೋನಿನಲ್ಲಿ ಸಿಗುತ್ತದೆ. ಮೊನ್ನೆ ಡಬ್ಬಿ ಆರಿಸಿ ಬಂದವಳು ಹುಡುಕಿ ಆಡಿಯೂ ನೋಡಿದೆ. ಯಾರೂ ಗಾಳಿ ಹಾಕಬೇಕಿಲ್ಲ, ಗಿಡ್ಡಪ್ಪ ಒಂದು ಸಲವೂ ನಿಲ್ಲದೆ ಓಡುತ್ತಾನೆ. ನಾಲ್ಕು ಮೆಟ್ಟಿಲು ಹತ್ತಿಸಿ ಬೇಸರವಾಗಿ ಕೆಳಗಿಟ್ಟೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಯಜಮಾನರು ಕೂಗಿದರು.

"ಏ, ಎಲ್ಲಿದ್ದಿ?"

ಸ್ಪಷ್ಟವಾಗಿ ಕೇಳಿಸಿತು. ಕಾಲು ಚಾಚಿ ಸುಮ್ಮನೆ ಕೂತೆ.